ಮೂರೂವರೆಗೆ ಮುಳುಗುವ ಸೂರ್ಯನೂ ನಮ್ಮ ಅತ್ತೆಯೂ

ನಮ್ಮ ಅತ್ತೆ ಯಾರನ್ನೂ ನಂಬುವುದಿಲ್ಲ ಎಂದು ಶೇಡಬಾಳದಲ್ಲಿ ಕೆಲವರು ಹೇಳುತ್ತಾರೆ. ಇದು ಅರ್ಧ ಸತ್ಯ. ಅವರು ತಮ್ಮನ್ನೂ ನಂಬುವುದಿಲ್ಲ! ಬಾಗಿಲಿಗೆ ಕೀಲಿ ಹಾಕಿ, ಮೂರು ಸಲ ಜಗ್ಗಿ, ಓಣಿಯ ತಿರುವಿನವರೆಗೆ ಹೋಗಿ, ಮರಳಿ ಬಂದು ನಾಲ್ಕನೆಯ ಸಲ ಜಗ್ಗುತ್ತಾರೆ. ಒಮ್ಮೆ ಪಕ್ಕದ ಮನೆಯವರು ಕನಿಕರದಿಂದ, "ನೀವ್ ಹೋಗ್ರಿ ಬಾಯಾರ, ನಾ ನೋಡ್ತೇನಿ" ಎಂದು ತಾವೇ ಜಗ್ಗಿ ತೋರಿಸಿದರು. ಅಂದಿನಿಂದ ಅತ್ತೆಗೆ ಹೊಸ ಅನುಮಾನ: "ನಮ್ಮ ಕೀಲಿ ಜಗ್ಗೋದು ಅಂವಗ ಇಷ್ಟ ಚಲೋ ಹ್ಯಾಂಗ ಗೊತ್ತ?"

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ನನ್ನನ್ನು ಸಾಕಿದವರು ಅವರೇ. ತೊಂಬತ್ತರ ದಶಕದ ಮೊದಲಲ್ಲಿ ನಾನು ಪ್ರಾಣಿಶಾಸ್ತ್ರದ ಸಂಶೋಧನೆಗೆಂದು ಕೆನಡಾದ ಉತ್ತರಕ್ಕೆ ಹೊರಟಾಗ ಎರಡು ಷರತ್ತು ಹಾಕಿದರು. ಜೀವಹಿಂಸೆ ಮಾಡಬಾರದು. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದು. ನಮ್ಮದು ಜೈನರ ಮನೆ, ಎರಡೂ ನನಗೆ ಹೊಸದಲ್ಲ.

"ಒಂದ ತಪ್ಪಿತಂದ್ರೂ ಗಂಟ ಕಟ್ಟಿಕೊಂಡ ವಾಪಸ್ ಬರಬೇಕ ನೋಡ."

ಒಪ್ಪಿದೆ. ನನ್ನ ಕೆಲಸ ಎರಡು ಚಳಿಗಾಲದ್ದು. ಒಂದಕ್ಕೇ ಮರಳಿದರೆ ಪದವಿ ಇಲ್ಲ.

ಒಪ್ಪುವಾಗ ಒಂದು ಸಂಗತಿ ನನಗೆ ಹೊಳೆದಿರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಮೂಡುವುದು ಹತ್ತರ ಮೇಲೆ, ಮುಳುಗುವುದು ಮೂರೂವರೆಗೆ! ಅಷ್ಟರೊಳಗೆ ಕಾಡನ್ನೂ ಸುತ್ತಬೇಕು, ಉಣ್ಣಲೂ ಬೇಕು. ಇದನ್ನು ಬರೆದೆ. ಉತ್ತರ ಬಂತು: "ಮೂರೂವರೆಗೆ ಮುಳುಗಾಕ ಸೂರ್ಯಾಗ ಬ್ಯಾರೆ ಊರಾಗ ಡ್ಯೂಟಿ ಐತೇನ? ನಿಮ್ಮ ಸರ್ ಕಡಿಂದ ಸಹಿ ಮಾಡಿಸಿ ಕಳಸ."

ಪ್ರತಿ ತಿಂಗಳೂ ಸೂರ್ಯಾಸ್ತದ ಪಟ್ಟಿ ಬರೆದು ಪ್ರೊಫೆಸರರ ಮುಂದೆ ಹಿಡಿಯತೊಡಗಿದೆ. ಇದು ಭಾರತ ಸರ್ಕಾರದ ಯಾವುದೋ ನಿಯಮವೆಂದು ತಿಳಿದು ಅವರು ಗಂಭೀರವಾಗಿ ಸಹಿ ಹಾಕುತ್ತಿದ್ದರು. ಅತ್ತೆ ಒಪ್ಪಿದರೇ? "ಹ್ವಾದ ತಿಂಗಳ ಸಹಿಗೂ ಈ ತಿಂಗಳ ಸಹಿಗೂ ಹೊಂದವಲ್ದು" ಎಂದು ಬರೆದರು.

ತಿಂಗಳಿಗೊಮ್ಮೆ ಅವರು ಕಾಗವಾಡದ ಎಸ್‌ಟಿಡಿ ಬೂತಿಗೆ ಬಂದು ಕೂಡುತ್ತಿದ್ದರು. ನಾನು ಅಲ್ಲಿಗೆ ಫೋನ್ ಮಾಡುತ್ತಿದ್ದೆ.

"ಮಾತಾಡಾಕತ್ತಾಕಿ ನೀನ ಅಂತ ಏನ ಖಾತ್ರಿ? ನಮ್ಮ ಎಮ್ಮಿದು ಯಾವ ಕೋಡ ಮುರದೈತಿ, ಹೇಳ."

"ಎಡಗಡೇದು, ಅತ್ತಿ."

"ಹಾಂ. ಈಗ ಮಾತಾಡ."

ನನ್ನ ಕೆಲಸವನ್ನು ವಿವರಿಸಿದೆ. ಹಿಮದಲ್ಲಿ ಬೋನು ಇಟ್ಟು, ಒಳಗೆ ಸೇಬಿನ ಹೋಳು ಹಾಕುತ್ತೇವೆ. ಮೊಲ ಬರುತ್ತದೆ. ಅದನ್ನು ಬಟ್ಟೆಯ ಚೀಲದಲ್ಲಿ ತೂಗಿ, ಕಿವಿಗೆ ನಂಬರಿನ ಸಣ್ಣ ತಗಡು ಹಾಕಿ ಬಿಟ್ಟುಬಿಡುತ್ತೇವೆ. ಬೇಸಿಗೆಯಲ್ಲಿ ಕಂದು ಬಣ್ಣದ ಈ ಮೊಲಗಳು ಚಳಿಗಾಲ ಬಂತೆಂದರೆ ಬೆಳ್ಳಗಾಗುತ್ತವೆ.

"ಚಳಿ ಇಲ್ಲೂ ಐತಿ. ನಮ್ಮ ಎಮ್ಮಿ ಯಾಕ ಬೆಳ್ಳಗ ಆಗವಲ್ದು?"

ವಿಶ್ವವಿದ್ಯಾಲಯದಲ್ಲಿ ಇಷ್ಟು ಕಠಿಣ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಅದಿರಲಿ, ಕಿವಿ ಚುಚ್ಚಿದ್ರ ಅದಕ್ಕ ನೋಯಂಗಿಲ್ಲೇನ?"

"ನಿಮಗೂ ಚುಚ್ಚ್ಯಾರಲ್ಲ ಅತ್ತಿ?"

"ನನಗ ಬಂಗಾರದ ಬೆಂಡೋಲಿ ಹಾಕ್ಯಾರ. ನೀ ಅದಕ್ಕ ತಗಡ ಹಾಕೀದಿ. ಮತ್ತ ಸಂಶೋಧನಾ ಅಂತಿ!"

ಒಂದು ಫೋಟೋ ಕಳಿಸಿ ಅನುಮಾನ ಮುಗಿಸೋಣವೆಂದುಕೊಂಡೆ. ಸುತ್ತ ಹಿಮ, ನಡುವೆ ಮೂಗಿನವರೆಗೆ ಸುತ್ತಿಕೊಂಡ ನಾನು. ಅತ್ತೆ ಅದನ್ನು ಹಿಡಿದುಕೊಂಡು ಬಸ್ಸೇರಿ ನೇರ ಅಥಣಿಯ ಫೋಟೋ ಸ್ಟುಡಿಯೋಕ್ಕೆ ಹೋದರು. "ಇದು ಹಿಮ ಹೌದೋ, ಹಿಂಜಿದ ಹತ್ತಿಯೋ?" ತಾಜಮಹಲಿನ ಪರದೆಯ ಮುಂದೆ ಊರಿಗೆ ಊರನ್ನೇ ನಿಲ್ಲಿಸಿದ್ದ ಸ್ಟುಡಿಯೋದವರು ಬಹಳ ಹೊತ್ತು ನೋಡಿ, "ಇಷ್ಟ ದೊಡ್ಡ ಪರದೆ ನನ್ನ ಕಡೆ ಇಲ್ರಿ ಬಾಯಾರ" ಎಂದರಂತೆ. ಕೆನಡಾದ ಪರದೆ ಅಥಣಿಯದಕ್ಕಿಂತ ದೊಡ್ಡದು ಎಂಬಲ್ಲಿಗೆ ಅತ್ತೆಯ ವಿಚಾರಣೆ ನಿಂತಿತು!

ಜನವರಿಯ ಒಂದು ದಿನ ಹಿಮಗಾಳಿ ಬೀಸಿ ಒಂದು ಬೋನು ಹೂತುಹೋಯಿತು. ಒಳಗೆ ಮೊಲ ಸಿಕ್ಕಿದ್ದರೆ? ಮೊದಲ ಷರತ್ತು ನೆನಪಾಗಿ ಹುಡುಕುತ್ತ ಹೋದೆ. ಎರಡನೆಯದರ ಹೊತ್ತು ಮೀರುತ್ತಿತ್ತು. ಬೋನು ಸಿಕ್ಕಿತು, ಮೊಲ ಬದುಕಿತ್ತು, ಬಾಗಿಲು ತೆರೆದದ್ದೇ ಓಡಿಹೋಯಿತು. ಕಾಡಿನಲ್ಲಿ ನಾವು ಇಬ್ಬರು ವಿದ್ಯಾರ್ಥಿನಿಯರು ಇರುತ್ತಿದ್ದ ಗುಡಿಸಲು ಮುಟ್ಟಿದಾಗ ಗಡಿಯಾರದಲ್ಲಿ ಐದು, ಹೊರಗೆ ಪೂರ್ತಿ ಕತ್ತಲೆ. ಬೆರಳುಗಳು ನನ್ನವಾಗಿರಲಿಲ್ಲ. ಜೊತೆಗಾತಿ ಅನ್ನ ಮಾಡಿ ತಟ್ಟೆಯನ್ನು ಮುಂದಿಟ್ಟಳು. ಉಂಡೆ.

ಆ ವಾರ ಅತ್ತೆಗೆ ಬರೆದೆ: "ಎಂದಿನಂತೆ ಹೊತ್ತು ಮುಳುಗುವ ಮೊದಲೇ ಉಣ್ಣುತ್ತಿದ್ದೇನೆ." ಉತ್ತರ ಬಂತು: "ಈ ಸಲದ ಪತ್ರ ಮಾತ್ರ ಖರೇ ಅನಸ್ತ ನೋಡವಾ."

ಎಲ್ಲ ಪತ್ರಗಳಲ್ಲಿ ಅವರು ನಂಬಿದ್ದು ಅದೊಂದನ್ನೇ!

ಬೇಸಿಗೆಗೆ ಊರಿಗೆ ಬಂದೆ. ಎರಡನೆಯ ಚಳಿಗಾಲದ ಮಾತು ಎತ್ತಬೇಕಿತ್ತು. ಅದಕ್ಕೂ ಮೊದಲು ಇದನ್ನು ಹೇಳಬೇಕಿತ್ತು. ಸಂಜೆ ಐದರ ಸುಮಾರಿಗೆ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬೋನು, ಮೊಲ, ಕತ್ತಲೆ, ಜೊತೆಗಾತಿ ಮಾಡಿ ಹಾಕಿದ ಅನ್ನ, ಸುಳ್ಳು ಪತ್ರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಬಡಿಯುವ ಸದ್ದು ನಿಂತಿತು.

"ಸುಳ್ಳ."

"ಖರೇನ ಅತ್ತಿ. ಉಂಡೇನಿ."

"ನನ್ನ ಪರೀಕ್ಷಾ ಮಾಡಾಕತ್ತೀ. ನಾ ನಂಬಂಗಿಲ್ಲ."

ಮತ್ತೆ ಹಿಟ್ಟಿನ ಮೇಲೆ ಕೈ ಬಿತ್ತು. ಆ ರೊಟ್ಟಿ ತೆಳ್ಳಗಾಗುತ್ತ ಆಗುತ್ತ ಅಂಚಿನಲ್ಲಿ ಹರಿಯಿತು. ಅದನ್ನು ಹಾಗೆಯೇ ಹಂಚಿನ ಮೇಲೆ ಹಾಕಿ, ನೀರು ಸವರಿ, ನನ್ನ ಕಡೆ ತಿರುಗದೆಯೇ ಕೇಳಿದರು:

"ಅನ್ನ ಬಿಸಿ ಇತ್ತಿಲ್ಲೋ?"

"ಇತ್ತ, ಅತ್ತಿ."

ರೊಟ್ಟಿಯನ್ನು ಮಗುಚಿ ಹಾಕಿದರು.

"ಮಾಡಿ ಹಾಕಿದಾಕಿ, ಆ ಹುಡುಗಿ... ಬರೂ ಚಳಿಗಾಲಕ್ಕೂ ನಿನ್ನ ಜೋಡಿ ಇರತಾಳೇನ?"