ಪಿನ್ ಹಾಕಿದ ತಾಳಿ

ದುಡ್ಡಿಲ್ಲದ ಸಿನಿಮಾಗೆ ಮ್ಯಾನೇಜರ್ ಆದವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ದಿನಕ್ಕೊಂದು ಪ್ರಸಂಗ ತಾನಾಗಿ ಕಾಲಿಗೆ ತೊಡರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನ ಕಾಲೇಜು ಮೇಷ್ಟ್ರೊಬ್ಬರು ಸ್ನೇಹಿತರನ್ನು ಸೇರಿಸಿಕೊಂಡು ಸಿನಿಮಾ ತೆಗೆದರು. ಮೈ ಮಾರಿಕೊಂಡು ಬದುಕುವ ಹೆಣ್ಣೊಬ್ಬಳು ಲಾರಿ ಡ್ರೈವರೊಬ್ಬನನ್ನು ಪ್ರೀತಿಸಿ, ನಂಬಿ, ಮೋಸಹೋಗುವ ಕಥೆ. ಮನೆ ಹುಡುಕುವುದರಿಂದ ಚಿತ್ರಾನ್ನ ತರಿಸುವವರೆಗೆ ಎಲ್ಲಾ ನನ್ನ ತಲೆಗೆ ಬಂತು.

ಬಟವಾಡಿಯ ಮನೆ

ನಾಯಕಿಯ ಮನೆಗೆಂದು ತುಮಕೂರಿನ ಬಟವಾಡಿಯಲ್ಲಿ ಒಂದು ಮನೆ ನೋಡಿದೆ. ಮಾಲೀಕರು ಹಣೆತುಂಬ ವಿಭೂತಿಯ ಹಿರಿಯರು. ಕಥೆ ಏನೆಂದು ಕೇಳಿದರು. ಸುಳ್ಳು ಹೇಳಿ ಆಮೇಲೆ ಒದೆ ತಿನ್ನುವುದು ಬೇಡವೆಂದು ಇದ್ದದ್ದು ಇದ್ದ ಹಾಗೆ ಹೇಳಿದೆ: ಗಿರಾಕಿಗಳು ಬರುತ್ತಾರೆ, ಕುಡಿಯುತ್ತಾರೆ, ಜಗಳ ಆಡುತ್ತಾರೆ, ಪೊಲೀಸರೂ ಬರುತ್ತಾರೆ. ಅವರು ಕಣ್ಣು ಮುಚ್ಚಿ ಯೋಚಿಸಿದರು. ನಾನು ಚಪ್ಪಲಿ ಹುಡುಕತೊಡಗಿದೆ.

"ಅದೇನಾದ್ರೂ ಮಾಡ್ಕಳಿ," ಎಂದರು. "ಮನೆ ಒಳಗೆ ಮೊಟ್ಟೆ ಮಾತ್ರ ಬೇಯಿಸಂಗಿಲ್ಲ."

ಗುಬ್ಬಿಯ ಷರತ್ತು

ನಾಯಕಿಯ ಪಾತ್ರ ಮಾಡಿದವಳು ಗುಬ್ಬಿಯ ಒಂದು ಮನೆಯ ಸೊಸೆ, ಚಿಕ್ಕಂದಿನಿಂದ ನಾಟಕದಲ್ಲಿ ಬೆಳೆದವಳು. ಪಾತ್ರ ಯಾವುದಾದರೂ ಅವಳ ಅತ್ತೆಗೆ ಚಿಂತೆಯಿರಲಿಲ್ಲ. ಷರತ್ತು ಒಂದೇ, ತಾಳಿ ತೆಗೆಯಬಾರದು. ತೆಗೆದರೆ ಬಣ್ಣ ಹಚ್ಚುವುದು ಅಲ್ಲಿಗೇ ಮುಗಿಯಿತು.

ಇಂಥ ಪಾತ್ರದ ಕೊರಳಲ್ಲಿ ತಾಳಿ ಹೇಗಿರುತ್ತೆ ಎಂದು ಮೇಷ್ಟ್ರು ಪಾಠ ಶುರುಮಾಡಿದರು. "ಪಾತ್ರ ನಿಮ್ದು ಸಾಮಿ, ಕೊರಳು ನಮ್ಮನೇದು," ಎಂದರು ಅತ್ತೆ.

ಕೊನೆಗೆ, ಅತ್ತೆಗೆ ಹೇಳದೆ, ತಾಳಿಯನ್ನು ರವಿಕೆಯೊಳಗೆ ಸೇರಿಸಿ ಪಿನ್ ಹಾಕುವುದೆಂದಾಯಿತು. "ಆಕ್ಟಿಂಗ್ ಬುಟ್ರೆ ನಾನು ಬದುಕಲ್ಲ ಅಣ್ಣ, ಪಿನ್ನು ಮರೀಬೇಡಿ," ಎಂದಳು ಆಕೆ. ಪಾಪ ಅನ್ನಿಸಿತು. ಅಂದಿನಿಂದ ನನ್ನ ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಪಿನ್ ಇರುತ್ತಿತ್ತು.

ಕುಣಿಗಲ್ ಪಂಚಾಯ್ತಿ

ಮೋಸದ ದೃಶ್ಯವನ್ನು ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ತೆಗೆದೆವು. ಸಹಜವಾಗಿ ಬರಲಿ ಎಂದು ಕ್ಯಾಮರಾವನ್ನು ಹೋಟೆಲಿನೊಳಗೆ ಬಚ್ಚಿಟ್ಟಿದ್ದೆವು. "ನಿಂಗೂ ನಂಗೂ ಏನ್ ಸಂಬಂಧ?" ಎಂದು ಲಾರಿ ಡ್ರೈವರ್ ಪಾತ್ರದ ನಮ್ಮ ಹೀರೋ ಅವಳನ್ನು ತಳ್ಳಿದ. ಅಷ್ಟೇ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅವನ ಸುತ್ತ ಸೇರಿದರು. ಟವೆಲ್ ಹೆಗಲಿನ ಗೌಡರೊಬ್ಬರು ಅವನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಅಲ್ಲೇ ಪಂಚಾಯ್ತಿ ನಡೆಸಿದರು. ನಾನು ಓಡಿಹೋಗಿ ಇದು ಸಿನಿಮಾ ಎಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಮುಂದಿನ ಸೋಮವಾರ ಅವಳನ್ನು ಮದುವೆಯಾಗುತ್ತೇನೆಂದು ಆಣೆ ಮಾಡಿದ ಮೇಲೆಯೇ ಅವನನ್ನು ಬಿಟ್ಟದ್ದು.

ಇನ್ನೊಂದು ಸಲ ತೆಗೆಯಲು ರೀಲ್ ಇರಲಿಲ್ಲ, ತೆಗೆದದ್ದನ್ನೇ ಇಟ್ಟುಕೊಂಡೆವು. ಹೀರೋ ತಿಂಗಳುಗಟ್ಟಲೆ ಕುಣಿಗಲ್ ಕಡೆ ತಲೆ ಹಾಕಲಿಲ್ಲ. ಅವನಿಗೆ ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು.

ತುಮಕೂರಿನ ಮಾರ್ನಿಂಗ್ ಶೋ

ಅಂತೂ ತುಮಕೂರಿನಲ್ಲಿ ಬೆಳಗಿನ ಆಟಕ್ಕೆ ಒಂದು ಥಿಯೇಟರ್ ಸಿಕ್ಕಿತು. ಅತ್ತೆ, ಮಗ, ಸೊಸೆ ಗುಬ್ಬಿಯಿಂದ ಬಂದರು. ಅತ್ತೆ ಕೂತದ್ದು ನನ್ನ ಪಕ್ಕದಲ್ಲೇ.

ಅವರು ಕಥೆ ನೋಡುತ್ತಿರಲಿಲ್ಲ, ಕೊರಳು ನೋಡುತ್ತಿದ್ದರು. ಸೀನ್ ಮೇಲೆ ಸೀನ್, ಬರೀ ಕೊರಳು. "ತೆಗ್ಸೇಬುಟ್ರಲ್ಲಪ್ಪ," ಎಂದರು ಸಣ್ಣಗೆ. ರವಿಕೆಯೊಳಗೆ ಐತೆ ಅತ್ತೆ ಎಂದು ಸೊಸೆ ಅಂಗಲಾಚಿದಳು. ಅವರು ಮುಖ ತಿರುಗಿಸಿದರು. ಸೊಸೆಯ ಕಣ್ಣು ತುಂಬಿತು.

ಅಷ್ಟರಲ್ಲಿ ಕುಣಿಗಲ್ ಸೀನ್ ಬಂತು. ಹೀರೋ ತಳ್ಳಿದ, ಪಿನ್ ಬಿಚ್ಚಿಕೊಂಡಿತು, ತಾಳಿ ಫಳ್ಳನೆ ಆಚೆ ಬಂತು. ಅಂದು ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲೂ, ಎಡಿಟಿಂಗಿನ ಪುಟ್ಟ ಪರದೆಯಲ್ಲೂ ಯಾರ ಕಣ್ಣಿಗೂ ಬೀಳದ್ದು ಇಲ್ಲಿ ಬಾಗಿಲಷ್ಟು ದೊಡ್ಡದಾಗಿ ಕಂಡಿತು. ಮೇಷ್ಟ್ರು ತಲೆ ಮೇಲೆ ಕೈಹೊತ್ತರು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಐತೆ ಕಣಪ್ಪ, ಐತೆ."

ಹಿಂದಿನಿಂದ ಯಾರೋ ಕೂಗಿದರು: "ತಾಳಿ ಕಟ್ಟವ್ನೆ ಕಣ್ರಲಾ! ಕಟ್ಬುಟ್ಟು ಇಲ್ಲ ಅಂತಾವ್ನೆ!" ಇಡೀ ಥಿಯೇಟರ್ ಹೀರೋಗೆ ಬೈಯತೊಡಗಿತು.

ಅತ್ತೆಗೆ ಇದನ್ನು ತಡೆಯಲಾಗಲಿಲ್ಲ. ಎದ್ದು ನಿಂತು, ಮಗನನ್ನೂ ತೋಳು ಹಿಡಿದು ಎಬ್ಬಿಸಿದರು. "ಆ ಮನೆಹಾಳ ಎಲ್ರಪ್ಪ ಕಟ್ಟವ್ನೆ? ಅದನ್ನ ಕಟ್ಟಿರೋನು ನನ್ ಮಗ, ಇಲ್ನೋಡಿ!"

ಥಿಯೇಟರೆಲ್ಲ ಅವರ ಮಗನ ಕಡೆ ತಿರುಗಿತು. ಪರದೆ ಮೇಲೆ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಆಗ ಹಿಂದಿನ ಸಾಲಿನಿಂದ ಅದೇ ದನಿ, ಸ್ವಲ್ಪ ಬೇಜಾರಿನಲ್ಲಿ:

"ಮತ್ತೆ ಹೋಗಿ ಕರ್ಕಂಡ್ ಬಾರಯ್ಯ. ಕೂತ್ಕಂಡ್ ಏನ್ ನೋಡ್ತಿದ್ದೆ?"