ಜರ್ಮನ್ ಕಾರೂ ಖಾಜಾ ಭಾಯಿಯ ಭಾನುವಾರಗಳೂ

ಕೆಟ್ಟ ಸುದ್ದಿ ಹೇಳುವುದಕ್ಕೂ ಒಂದು ಅಭ್ಯಾಸ ಬೇಕು. ಕೂಡ್ಲಿಗಿಯಲ್ಲಿ ಪಶುವೈದ್ಯನಾಗಿ ನನಗೆ ಅದು ಚೆನ್ನಾಗಿ ಆಗಿದೆ. ಮೇವು ಬಿಟ್ಟು ಮಲಗಿದ ಎಮ್ಮೆಯ ಪಕ್ಕ ಕೂತು, ಕಿವಿ ಮುಟ್ಟಿ, ಕಣ್ಣರೆಪ್ಪೆ ಎತ್ತಿ ನೋಡಿ, ಮನೆಯವರ ಕಡೆ ತಿರುಗಿ, ಇದು ಉಳಿಯುವುದಿಲ್ಲ, ಸುಮ್ಮನೆ ಸೂಜಿ ಚುಚ್ಚಿ ಹಿಂಸೆ ಕೊಡುವುದು ಬೇಡ ಎಂದು ನಾನು ಹೇಳಿಬಿಡುತ್ತೇನೆ. ಮನೆಯ ಹೆಂಗಸರು ಅತ್ತರೂ ಆಮೇಲೆ ನನ್ನ ಮಾತಿಗೆ ಬೆಲೆ ಕೊಡುತ್ತಾರೆ. ಹೀಗೆ ಊರವರ ದನಕರುಗಳ ವಿಷಯದಲ್ಲಿ ಇಷ್ಟು ಧೈರ್ಯವಂತನಾದ ನಾನು, ನನ್ನದೇ ಒಂದು ಮುದಿ ಕಾರಿನ ವಿಷಯದಲ್ಲಿ ಆ ಮಾತು ಹೇಳಲಾರದೆ ವರ್ಷಗಟ್ಟಲೆ ಒದ್ದಾಡಿದೆ. ಅದಕ್ಕೆ ಸೂಜಿ ಚುಚ್ಚಿದ್ದೂ ಚುಚ್ಚಿದ್ದೇ.

ಅದು ಜರ್ಮನಿಯಲ್ಲಿ ತಯಾರಾದ, ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ಉಜ್ಜಿಕೊಂಡು ಹೋಗುವಂತೆ ಕಾಣುವ ಸ್ಪೋರ್ಟ್ಸ್ ಕಾರು. ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಓಡುತ್ತಿದ್ದ ಕಾಲದಲ್ಲಿ ಇಂಥ ಕಾರುಗಳು ಹೊಸಪೇಟೆ, ಸಂಡೂರಿನ ಕಡೆ ಬಂದಿಳಿದಿದ್ದವು. ಆಮೇಲೆ ಅದಿರು ನಿಂತಿತು, ಲಾರಿಗಳು ನಿಂತವು, ಕಾರುಗಳೂ ತಾಡಪಾಲಿನ ಕೆಳಗೆ ನಿಂತವು. ಹೊಸಪೇಟೆಯ ಹೊರಗೆ ಒಂದು ಮನೆಯ ಹಿತ್ತಲಿಗೆ ನಾಯಿಯ ಚಿಕಿತ್ಸೆಗೆಂದು ಹೋದವನು ನಾನು. ಅಲ್ಲೇ ಇದು ಕಣ್ಣಿಗೆ ಬಿತ್ತು. ನಾಯಿ ಹುಷಾರಾಯಿತು. ನನಗೆ ಹುಚ್ಚು ಹಿಡಿಯಿತು.

ನನ್ನ ಹೆಂಡತಿ ಗಿರಿಜಾ ಬುದ್ಧಿವಂತೆ. ನೇರವಾಗಿ ಬೇಡ ಎಂದರೆ ನಾನು ಕೇಳುವುದಿಲ್ಲವೆಂದು ಗೊತ್ತಿದ್ದುದರಿಂದ ಖಾಜಾ ಭಾಯಿಯನ್ನು ನನ್ನ ಜೊತೆ ಕಳಿಸಿದಳು. ಖಾಜಾ ಭಾಯಿ ಕೊಟ್ಟೂರು ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದರು. ಟ್ರ್ಯಾಕ್ಟರು, ಗೂಡ್ಸ್ ಆಟೋ, ನಮ್ಮ ಪಶು ಆಸ್ಪತ್ರೆಯ ಜೀಪು ಎಲ್ಲಕ್ಕೂ ಅವರದೇ ಕೈ. ಕಾರಿನ ನೂರೆಂಟು ರೋಗ ತೋರಿಸಿ ನನ್ನನ್ನು ಹೆದರಿಸಿ ವಾಪಸ್ ಕರೆತರಬೇಕು ಎಂಬುದು ಗಿರಿಜಾಳ ಕಟ್ಟಪ್ಪಣೆ. ಅವರು ತಾಡಪಾಲು ಸರಿಸಿದರು. ಒಳಗಿಂದ ಒಂದು ಇಲಿ ಸಂಸಾರ ಎದ್ದು ಹೋಯಿತು. ಸೀಟಿನ ಸ್ಪಂಜು ಹೊರಗೆ ಬಂದಿತ್ತು, ಬಾನೆಟ್ಟಿನ ಮೇಲೆ ಹಕ್ಕಿಗಳು ತಮ್ಮ ಅಭಿಪ್ರಾಯ ದಾಖಲಿಸಿದ್ದವು. ಖಾಜಾ ಭಾಯಿ ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಸವರಿದರು. ವಾಪಸ್ ಬರುವಾಗ ಮರಿಯಮ್ಮನಹಳ್ಳಿ ದಾಟಿದ ಮೇಲೆ ಮೆಲ್ಲಗೆ ಹೇಳಿದರು, "ಅಮ್ಮಾರಿಗೆ ಏನ್ ಹೇಳೋದು, ಅದನ್ನ ಈಗಿಂದಾನ ಯೋಚನಿ ಮಾಡ್ರಿ ಡಾಕ್ಟ್ರೇ."

ಕಾರು ಬಂದಿತು. ನಮ್ಮ ಸೀಮೆಗೂ ಆ ಕಾರಿಗೂ ಜಾತಕ ಕೂಡಿಬರಲೇ ಇಲ್ಲ. ಪ್ರತಿ ಊರಿನ ಮುಂದೆಯೂ ಜನ ತಮಗೆ ಬೇಕಾದಷ್ಟು ಎತ್ತರಕ್ಕೆ ಹಾಕಿಕೊಂಡಿರುವ ರಸ್ತೆ ಉಬ್ಬುಗಳನ್ನು ಅದು ದಾಟುವಾಗ ಕೆಳಗಿನಿಂದ ಬರುವ ಸದ್ದು ಕೇಳಿದರೆ ಹಲ್ಲು ಜುಂ ಎನ್ನುತ್ತಿತ್ತು. ಒಮ್ಮೆ ಕೊಟ್ಟೂರಿನ ದಾರಿಯಲ್ಲಿ ಕುರಿಹಿಂಡಿನ ನಡುವೆ ಸಿಕ್ಕಿಕೊಂಡಾಗ ಕುರಿಯವನೊಬ್ಬ ಬಗ್ಗಿ ನನ್ನ ಮುಖ ಹುಡುಕಿ, ನಾಲ್ಕೂ ಟೈರು ಒಮ್ಮೆಲೇ ಪಂಚರ್ ಆಗಿವೆಯೇ ಎಂದು ನಿಜವಾದ ಮರುಕದಿಂದ ವಿಚಾರಿಸಿದ. ಹಿಂದಿನ ಸೀಟಂತೂ ಎರಡು ಸ್ಕೂಲ್ ಬ್ಯಾಗಿಗೆ ಮಾಡಿಸಿದ್ದು. ನಮ್ಮ ಅತ್ತೆಯವರು ಉಜ್ಜಿನಿಗೆ ಹೋಗಬೇಕೆಂದು ಹಟ ಹಿಡಿದು ಅಲ್ಲಿ ಕೂತರು. ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಗುಡಿಯ ಮುಂದೆ ಇಳಿಯಬೇಕಲ್ಲ, ಆಗ ತಿಳಿಯಿತು. ಭಕ್ತರು ಸುತ್ತ ನೆರೆದರು. ತಾಯಿಯ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುವನ್ನು ಹೊರಗೆ ತೆಗೆಯುವ ಕ್ರಮವೊಂದಿದೆ. ಮೊದಲು ಒಂದು ಕಾಲು, ಆಮೇಲೆ ಇನ್ನೊಂದು, ತಲೆಯನ್ನು ಕೊಂಚ ಬಗ್ಗಿಸಿ, ಅವಸರ ಮಾಡದೆ. ಅದನ್ನೇ ಅನುಸರಿಸಿದೆ. ಅತ್ತೆಯವರು ಕ್ಷೇಮವಾಗಿ ಹೊರಬಂದರು. ಮನೆಗೆ ಮಾತ್ರ ಬಸ್ಸಿನಲ್ಲಿ ಹೋದರು.

ನಡೆಯುವ ದಿನಕ್ಕಿಂತ ಕೆಟ್ಟು ನಿಂತ ದಿನವೇ ಹೆಚ್ಚು. ನೀರು ಸೋರುವುದು ನಿಂತರೆ ಆಯಿಲ್ ಸೋರುತ್ತಿತ್ತು, ಆಯಿಲ್ ನಿಂತರೆ ಒಂದು ಗಾಜು ಇಳಿದದ್ದು ಏರುತ್ತಿರಲಿಲ್ಲ. ಬಿಡಿಭಾಗಗಳನ್ನು ಎಲ್ಲಿಂದಲೋ ತರಿಸಬೇಕು. ಕಾದು ಕಾದು ಬಂದದ್ದು ಎಡಗಡೆ ಸ್ಟೇರಿಂಗಿನ ಕಾರಿನದಾಗಿರುತ್ತಿತ್ತು. ಆಗ ಖಾಜಾ ಭಾಯಿ ಟ್ರ್ಯಾಕ್ಟರಿನ ಪೈಪೊಂದನ್ನು ಕತ್ತರಿಸಿ ಹಾಕುತ್ತಿದ್ದರು. ಅದು ಕೆಲವೊಮ್ಮೆ ಹಿಡಿಯುತ್ತಿತ್ತು, ಕೆಲವೊಮ್ಮೆ ಹಾರಿಹೋಗಿ ಇಬ್ಬರ ಮುಖಕ್ಕೂ ಬಿಸಿನೀರು ಎರಚುತ್ತಿತ್ತು. ಭಾನುವಾರ ಅವರು ಬೇರೆ ಗಾಡಿ ಮುಟ್ಟುತ್ತಿರಲಿಲ್ಲ. ನಾನು ಬೇರೆ ದನ ಮುಟ್ಟುತ್ತಿರಲಿಲ್ಲ. ಬೆಳಗಿನ ತಿಂಡಿ ಮುಗಿಸಿ ಬಾನೆಟ್ ಎತ್ತಿದರೆ ಬಿಸಿಲು ಇಳಿಯುವವರೆಗೂ ಇಬ್ಬರೂ ಅದರ ಬಾಯೊಳಗೆ. ರಿಪೇರಿ ಆಯಿತೆಂದು ತೋರಿದರೆ ಅವರು ಓಡಿಸಿ ನೋಡುವ ನೆಪದಲ್ಲಿ ತಮ್ಮ ಓಣಿಗೆ ಹೋಗಿ, ಮನೆಯ ಮುಂದೆ ಗುರ್ ಎನಿಸಿ, ಹೆಂಡತಿ ಮೆಹರುನ್ನಿಸಾ ಬಾಗಿಲಿಗೆ ಬಂದು ಗದರುವವರೆಗೂ ನಿಂತಿದ್ದು ಬರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಇಂಜಿನ್ ಕುದಿದು ಗ್ಯಾಸ್ಕೆಟ್ ಹೋಯಿತು. ಇಂಜಿನ್ನಿನ ತಲೆಭಾಗವನ್ನೇ ಬಿಚ್ಚಬೇಕಾಯಿತು. ಅದನ್ನು ಇಬ್ಬರೂ ಹಿಡಿದೆತ್ತಿ ಬೆಂಚಿನ ಮೇಲೆ ಇಟ್ಟೆವು. ಖಾಜಾ ಭಾಯಿ ಒಂದು ಹಳೆಯ ಟೈರಿನ ಮೇಲೆ ಕೂತರು. ಗ್ಯಾಸ್ ಆಗೈತಿ ಎಂದರು. ನಾನೂ ಏನೋ ತಮಾಷೆ ಮಾಡಿದೆ. ಇಂಜಿನ್ನಿಗೂ ಅದೇ ರೋಗ ಎಂದೋ ಏನೋ. ತಿರುಗಿ ನೋಡಿದರೆ ಅವರ ಅಂಗಿಯೆಲ್ಲ ಬೆವರಿಗೆ ಅಂಟಿಕೊಂಡಿತ್ತು, ಎಡಗೈ ಮಡಚಿ ಎದೆಗೆ ಒತ್ತಿಕೊಂಡಿದ್ದರು. ಹಿಡಿದು ನಾಡಿ ನೋಡಿದೆ. ನೌಕರಿಗೆ ಸೇರಿದಾಗಿನಿಂದ ದನದ ಬಾಲದ ಬುಡದಲ್ಲಿ ನಾಡಿ ಹುಡುಕಿದ ಬೆರಳುಗಳು ಮನುಷ್ಯನ ಮಣಿಕಟ್ಟಿನಲ್ಲಿ ದಾರಿ ತಪ್ಪಿದಂತೆ ತಡಕಾಡಿದವು.

ಕಣ್ಣೆದುರಿಗೇ ನಿಂತಿತ್ತು ಆ ಕಾರು. ಗಾಳಿಯಂತೆ ಓಡಲಿಕ್ಕೆಂದೇ ಹುಟ್ಟಿದ್ದು. ಅದನ್ನು ಓಡಿಸಬೇಕಾದ ಒಂದೇ ಒಂದು ಹೊತ್ತಿನಲ್ಲಿ ಬೆಂಚಿನ ಮೇಲೆ ತಲೆ ಇಟ್ಟು ಕೂತಿತ್ತು. ಗ್ಯಾರೇಜಿನಲ್ಲಿ ನಡೆಯುವ ಸ್ಥಿತಿಯಲ್ಲಿ ಇದ್ದದ್ದು ಹಡಗಲಿಯ ಹೂವಿನವರೊಬ್ಬರ ಗೂಡ್ಸ್ ಆಟೋ ಮಾತ್ರ. ಹಿಂದೆ ಖಾಲಿ ಮಲ್ಲಿಗೆ ಬುಟ್ಟಿಗಳಿದ್ದವು. ಅವುಗಳ ನಡುವೆ ಖಾಜಾ ಭಾಯಿಯನ್ನು ಮಲಗಿಸಿಕೊಂಡು, ಸಡಿಲಾದ ಸೈಲೆನ್ಸರು ರಸ್ತೆಗೆ ಬಡಿಯುತ್ತಿರಲು, ಬಾಡಿದ ಹೂವಿನ ವಾಸನೆಯಲ್ಲಿ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬಳ್ಳಾರಿಗೆ.

ಬದುಕಿದರು. ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ನನ್ನನ್ನು ಕಂಡೊಡನೆ, ಇಂಜಿನ್ ಮುಚ್ಚಿದಿರಾ, ಒಳಗೆ ಧೂಳು ಬಿದ್ದೀತು ಎಂದು ಕೇಳಿದರು. ನಾನು ಬಳ್ಳಾರಿಗೆ ಹೊರಡುವ ಮೊದಲು ಗ್ಯಾರೇಜಿಗೆ ಹೋಗಿ ಅದನ್ನು ಗಿರಿಜಾಳ ಹಳೆಯ ಸೀರೆಯಿಂದ ಮುಚ್ಚಿಯೇ ಬಂದಿದ್ದೆ. ಹಾಗೆಂದು ಹೇಳಿದೆ. ಅವರ ಮುಖಕ್ಕೆ ಸಮಾಧಾನ ಬಂತು. ಪಕ್ಕದಲ್ಲಿ ನಿಂತಿದ್ದ ಮೆಹರುನ್ನಿಸಾ ನಮ್ಮಿಬ್ಬರನ್ನೂ ನೋಡಿ ಗೋಡೆಯ ಕಡೆ ಮುಖ ತಿರುಗಿಸಿದರು.

ಅವರು ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಮೆಹರುನ್ನಿಸಾ ಪಶು ಆಸ್ಪತ್ರೆಗೆ ಬಂದರು. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಮೇಕೆ. ಸರದಿಯಲ್ಲಿ ನಿಂತೇ ಬಂದರು. ನಾನು ಮೇಕೆಯ ಹೊಟ್ಟೆ ತಟ್ಟಿದೆ, ಬಾಯಿ ನೋಡಿದೆ, ಜ್ವರ ನೋಡಿದೆ. ನನ್ನ ನೌಕರಿಯಲ್ಲಿ ಅಷ್ಟು ಆರೋಗ್ಯವಂತ ಮೇಕೆಯನ್ನು ನಾನು ಕಂಡಿರಲಿಲ್ಲ. ಏನಾಗಿದೆ ಎಂದು ಕೇಳಿದೆ.

"ಮೇಕಿಗೆ ಏನೂ ಆಗಿಲ್ಲ ಡಾಕ್ಟರ್ ಸಾಬ್," ಎಂದರು. "ಆ ಗಾಡಿ ಒಯ್ದುಬಿಡ್ರಿ. ಅದು ಕಣ್ಣಿಗೆ ಕಾಣೋತನಕ ಇವ್ರು ಸುಮ್ನ ಕುಂದ್ರಂಗಿಲ್ಲ."

ಒಯ್ಯುತ್ತೇನೆ ಎಂದು ಮಾತು ಕೊಟ್ಟೆ. ಮನಃಪೂರ್ವಕವಾಗಿಯೇ ಕೊಟ್ಟೆ. ಅವತ್ತೇ ಸಂಜೆ ಹೋಗಿ, ಲಾರಿ ತರಿಸಿ ಕಾರನ್ನು ಎತ್ತಿಸಿಬಿಡುವುದಾಗಿ ಖಾಜಾ ಭಾಯಿಗೆ ಹೇಳಿದೆ. ಮುಚ್ಚಿದ ಗ್ಯಾರೇಜಿನ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದರು. ಗಡ್ಡ ಬಿಳಿದಾಗಿತ್ತು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ಒಯ್ರಿ. ಗಾಡಿ ನಿಮ್ದು," ಎಂದರು. "ಆದ್ರ ಬಿಚ್ಚಿದ್ದು ನಾನು. ಜೋಡಸದ ಬಿಟ್ರ, ಇಲ್ಲಿ ಕುಂತು ನಾನು ಇನ್ನೇನ್ ಎಣಸ್ಲಿ, ನನ್ನ ಉಸಿರು ಎಣಸ್ಲೇನು?"

ಲಾರಿ ತರಿಸಲಿಲ್ಲ. ಮೂವರೂ ಕೂತು ಜಗಳವಾಡಿ, ಒಬ್ಬರು ಅತ್ತು, ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಖಾಜಾ ಭಾಯಿ ಕುರ್ಚಿ ಬಿಟ್ಟು ಏಳಬಾರದು, ಬೋಲ್ಟು ಬಿಗಿಯುವ ಪಾನಾ ಮುಟ್ಟಬಾರದು. ಬಾಯಿ ಅವರದು, ಕೈ ನನ್ನದು. ಮೆಹರುನ್ನಿಸಾ ಕಟ್ಟೆಯ ಮೇಲೆ ಮೇಕೆ ಕಟ್ಟಿಕೊಂಡು ಕಾವಲು ಕೂತರು.

ಹಾಗೆ ಮಳೆಗಾಲ ಕಳೆಯಿತು. ಅವರು ಒಂದು ಹೇಳಿದರೆ ನಾನು ಇನ್ನೊಂದು ಬಿಗಿಯುತ್ತಿದ್ದೆ. ಒಮ್ಮೊಮ್ಮೆ ಅವರು ಹೇಳಿದ್ದೇ ತಪ್ಪಾಗಿ, ದಿನವಿಡೀ ಜೋಡಿಸಿದ್ದನ್ನು ಬಿಚ್ಚಬೇಕಾಗುತ್ತಿತ್ತು. ಒಂದು ದಿನ ಬೋಲ್ಟೊಂದು ಕೈತಪ್ಪಿ ಇಂಜಿನ್ನಿನ ಸಂದಿಗೆ ಬಿತ್ತು. ಕಡ್ಡಿಗೂ ಎಟುಕಲಿಲ್ಲ, ಆಯಸ್ಕಾಂತಕ್ಕೂ ಸಿಗಲಿಲ್ಲ. ನಾನು ಅಂಗಿ ಬಿಚ್ಚಿ, ತೋಳಿಗೆ ಗ್ರೀಸು ಹಚ್ಚಿಕೊಂಡು, ಕಣ್ಣು ಮುಚ್ಚಿ ಭುಜದವರೆಗೂ ಕೈ ಇಳಿಸಿದೆ. ಆ ಕೆಲಸವೊಂದು ನನಗೆ ಬರುತ್ತದೆ. ಬೋಲ್ಟು ಹಿಡಿದು ಹೊರಗೆ ತಂದಾಗ ಖಾಜಾ ಭಾಯಿ, ಗಂಡೋ ಹೆಣ್ಣೋ ಎಂದು ಕೇಳಿದರು. ನಕ್ಕರು ನೋಡಿ, ಕುರ್ಚಿ ಅಲುಗಾಡುವಂತೆ ನಕ್ಕರು. ನಗುತ್ತ ಎದೆಯ ಮೇಲೆ ಕೈ ಇಟ್ಟುಕೊಂಡರು. ನನ್ನ ನಗು ಅಲ್ಲೇ ಆರಿಹೋಯಿತು. ಅವರು ಬರೀ ಕೆಮ್ಮುತ್ತಿದ್ದರು. ಆದರೂ ಆಮೇಲೆ ಅವರು ನಗುವಂಥ ಮಾತನ್ನು ನಾನು ಲೆಕ್ಕಾಚಾರ ಮಾಡಿಯೇ ಆಡಿದೆ.

ಕಾರು ಎದ್ದಿತು. ಒಂದೇ ಕೀಲಿಗೆ ಎದ್ದಿತು. ಗಿರಿಜಾ ಪೂಜೆ ಮಾಡಿಸಿದಳು, ಮೆಹರುನ್ನಿಸಾ ಸಕ್ಕರೆ ಹಂಚಿದರು. ಹೆದ್ದಾರಿಯಲ್ಲಿ ಕಾನಹೊಸಹಳ್ಳಿಯ ತನಕ ಹೋಗಿ ಬರೋಣವೆಂದು ಇಬ್ಬರೂ ಹೊರಟೆವು. ಊರು ದಾಟಿದ ಮೇಲೆ ಖಾಜಾ ಭಾಯಿ ಕೀಲಿಗೆ ಕೈ ಚಾಚಿದರು. ಕುರ್ಚಿ ಬಿಟ್ಟು ಏಳಬಾರದೆಂಬ ಒಪ್ಪಂದ ಆಗಿತ್ತು, ಇದರಲ್ಲಿ ಕೂತೇ ಇರುವುದಲ್ಲವೇ ಎಂದು ವಾದ ಬೇರೆ. ಕೊಟ್ಟೆ. ಅವರು ಓಡಿಸಿದರು. ವೇಗವಾಗಿ ಅಲ್ಲ; ಒಬ್ಬ ಗರ್ಭಿಣಿಯನ್ನು ಕೂರಿಸಿಕೊಂಡವರಂತೆ. ಇಂಜಿನ್ನಿನ ಕಾವು ತೋರಿಸುವ ಮುಳ್ಳು ನಡುಮಧ್ಯೆ ನಿಂತು ಅಲುಗಲಿಲ್ಲ. ಎಲ್ಲೂ ಒಂದು ಕಿರ್ ಎಂಬ ಸದ್ದಿಲ್ಲ. ಕಾನಹೊಸಹಳ್ಳಿಯಲ್ಲಿ ಚಹಾ ಕುಡಿಯುವಾಗ ಅವರ ಮುಖ ಯಾಕೋ ಬಾಡಿತ್ತು. ನೋವೇ ಎಂದು ಗಾಬರಿಯಲ್ಲಿ ಕೇಳಿದೆ.

"ಇಲ್ರಿ. ಇನ್ನ ಇದರಾಗ ನಮಗ ಏನೂ ಕೆಲಸ ಇಲ್ಲ," ಎಂದರು.

ಬಹಳ ದಿನ ಕಳೆಯಲಿಲ್ಲ. ನಾನು ಕಾನಹೊಸಹಳ್ಳಿಯ ಕಡೆ ಕುರಿಗಳಿಗೆ ಲಸಿಕೆ ಹಾಕುತ್ತಿದ್ದೆ, ಫೋನು ಬಂತು. ಬೆಳಗಿನ ನಮಾಜು ಮುಗಿಸಿ, ಚಹಾ ಕುಡಿದು, ಗೋಡೆಗೆ ಒರಗಿದವರು ಹಾಗೇ ಹೋಗಿಬಿಟ್ಟಿದ್ದರು. ಬೈಕಿನಲ್ಲಿ ಹೋಗಿ ಮಣ್ಣು ಕೊಟ್ಟು ಬಂದೆ. ನಾನು ಅವತ್ತು ಲಾರಿ ತರಿಸಿದ್ದರೆ ಇನ್ನಷ್ಟು ಕಾಲ ಇರುತ್ತಿದ್ದರೇ, ಇಲ್ಲ ಇನ್ನೂ ಬೇಗ ಹೋಗುತ್ತಿದ್ದರೇ? ಬಳ್ಳಾರಿಯ ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ. ಎರಡರಲ್ಲಿ ಯಾವ ಉತ್ತರ ಬಂದರೂ ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿರಲಿಲ್ಲ.

ಕೆಲವು ವಾರಗಳ ಮೇಲೆ ಮೆಹರುನ್ನಿಸಾರನ್ನು ಮಾತಾಡಿಸಿ ಬರೋಣವೆಂದು ಹೋದೆ. ಬುದ್ಧಿ ಇಲ್ಲದವನು, ಕಾರಿನಲ್ಲೇ ಹೋದೆ. ಓಣಿಯ ತಿರುವಿನಲ್ಲಿ ಗೇರು ಇಳಿಸಿದ್ದೇ ತಡ, ಅವರು ಒಳಗಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತರು. ಕೈಯೆಲ್ಲ ಹಿಟ್ಟು. ಗದರಲಿಕ್ಕೆಂದು ಬಾಯಿ ಅರ್ಧ ತೆರೆದಿತ್ತು. ಸ್ಟೇರಿಂಗಿನ ಹಿಂದೆ ನನ್ನನ್ನು ಕಂಡು ಹಾಗೇ ನಿಂತುಬಿಟ್ಟರು.

"ಇದನ್ನ ಈ ಓಣಿಗೆ ತರಬ್ಯಾಡ್ರಿ," ಎಂದರು ಕೈಯ ಹಿಟ್ಟು ಉಜ್ಜಿಕೊಳ್ಳುತ್ತ. "ಸಪ್ಪಳ ಕೇಳಿದ್ರ ನನ್ನ ಕಾಲು ತಾವಾ ಬಾಗಿಲಿಗೆ ಬರತಾವ."

ಈಗ ಅವರ ಮನೆಗೆ ನಡೆದೇ ಹೋಗುತ್ತೇನೆ. ಕಾರು ನಮ್ಮ ಅಂಗಳದಲ್ಲಿದೆ. ನಾಚಿಕೆಯಾಗುವಷ್ಟು ಚೆನ್ನಾಗಿದೆ. ಹರಪನಹಳ್ಳಿಗೆ ಹೋಗಿ ಬಂದೆ, ಹಗರಿಬೊಮ್ಮನಹಳ್ಳಿಗೆ ಹೋಗಿ ಬಂದೆ, ಹಾಳಾದ್ದು ಎಲ್ಲೂ ನಿಲ್ಲಲಿಲ್ಲ. ಒಂದು ಹನಿ ಆಯಿಲ್ ಇಲ್ಲ, ಒಂದು ಹನಿ ನೀರಿಲ್ಲ. ಗಾಜು ಕೂಡ ಏರುತ್ತದೆ. ಭಾನುವಾರ ಬಂದರೆ ಬಾನೆಟ್ ಎತ್ತುತ್ತೇನೆ, ಒಳಗೆ ನೋಡುತ್ತೇನೆ, ಮುಚ್ಚುತ್ತೇನೆ. ಆಮೇಲೆ ಇಡೀ ದಿನ ಹಾಗೇ ಉಳಿದಿರುತ್ತದೆ. ಗಿರಿಜಾ, ಇಷ್ಟು ದಿನ ಕಾರು ನೆಟ್ಟಗಿರಲಿಲ್ಲ, ಈಗ ನೀವು ನೆಟ್ಟಗಿಲ್ಲ ಎಂದಳು.

ಹೋದ ಭಾನುವಾರ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ರೇಡಿಯೇಟರಿನ ಪೈಪಿನ ಕ್ಲಿಪ್ಪನ್ನು ನಾನೇ ಸಡಿಲಿಸಿದೆ. ಹಸಿರು ನೀರು ತೊಟ್ಟು ತೊಟ್ಟಾಗಿ ಕಲ್ಲಿನ ಮೇಲೆ ಬಿತ್ತು. ನೋಡಲು ಚೆನ್ನಾಗಿತ್ತು. ಸ್ವಲ್ಪ ಹೊತ್ತು ಚಿಕಿತ್ಸೆಯ ನಾಟಕವಾಡಿ ಮತ್ತೆ ಬಿಗಿದುಬಿಡುವುದು ನನ್ನ ಯೋಚನೆ. ಬಿಗಿಯಲು ಹೋದರೆ ಕ್ಲಿಪ್ಪು ಎರಡು ತುಂಡಾಗಿ ಕೈಗೆ ಬಂತು. ಅಷ್ಟರಲ್ಲಿ ಗಿರಿಜಾ ಹೊರಬಂದು, ಮತ್ತೆ ಏನಾಯಿತು ಎಂದು ಕೇಳಿದಳು. ಸೋರುತ್ತಿದೆ ಎಂದೆ. ಆ ಅಳತೆಯ ಕ್ಲಿಪ್ಪು ನಮ್ಮ ಕಡೆ ಸಿಗುವುದಿಲ್ಲ, ಹೊರಗಿನಿಂದಲೇ ಬರಬೇಕು, ಯಾವಾಗ ಬರುತ್ತದೋ ಹೇಳುವಂತಿಲ್ಲ, ಬಂದರೂ ಎಡಗಡೆ ಸ್ಟೇರಿಂಗಿನದು ಬಂದರೆ ಮತ್ತೆ ವಾಪಸ್ ಕಳಿಸಬೇಕು ಎಂದು ವಿವರವಾಗಿ ತಿಳಿಸಿದೆ. ಅವಳು ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೂ ನನ್ನ ಮುಖವನ್ನೂ ನೋಡಿದಳು, ಒಳಗೆ ಹೋದಳು. ನಾನು ಗೋಣಿಚೀಲ ಹಾಸಿಕೊಂಡು, ಬಹಳ ದಿನಗಳ ಮೇಲೆ, ಕಾರಿನ ಕೆಳಗೆ ಆರಾಮವಾಗಿ ಮಲಗಿದೆ.