ಮಾಂಸ ತಿನ್ನದವನ ಮೂಗಿಗೆ ಬಂದ ಪರೀಕ್ಷೆಗಳು

ಯಾವ ಊರಿಗೆ ವರ್ಗವಾದರೂ ಸರಿ, ನನ್ನ ಟ್ರಂಕು ಬಸ್ಸಿನಿಂದ ಇಳಿಯುವ ಮೊದಲೇ ಯಾರೋ ಒಬ್ಬರು ಮಾಂಸದ ಪೊಟ್ಟಣ ಹಿಡಿದು, "ಇದನ್ನ ತಿನ್ನಬಹುದಾ ನೋಡ್ರಿ" ಎಂದು ಎದುರಿಗೆ ನಿಂತಿರುತ್ತಿದ್ದರು. ನಾನು ದನದ ಡಾಕ್ಟರು. ನಮ್ಮದು ಲಿಂಗವಂತರ ಮನೆ, ಮೊಟ್ಟೆ ಕೂಡ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಆದರೆ ಮಾಂಸ ಒಳ್ಳೆಯದೋ ಕೆಟ್ಟದ್ದೋ ಹೇಳಬೇಕಾದವನು ದನದ ಡಾಕ್ಟರೇ ಎಂದು ಸರ್ಕಾರವೂ ನಂಬಿತ್ತು, ಜನರೂ ನಂಬಿದ್ದರು. ನಂಬದೇ ಇದ್ದವನು ನಾನೊಬ್ಬನೇ.

ಆಗಷ್ಟೇ ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಫ್ರಿಜ್ಜು ಬರತೊಡಗಿದ್ದವು. ಫ್ರಿಜ್ಜು ಬಂದ ಮಾತ್ರಕ್ಕೆ ಕರೆಂಟು ಬರಬೇಕೆಂದೇನೂ ಇರಲಿಲ್ಲ. ಕರೆಂಟು ಹೋದಾಗ ಮಾಂಸ ಕರಗುವುದು, ಬಂದಾಗ ಮತ್ತೆ ಗಟ್ಟಿಯಾಗುವುದು, ಹೀಗೆ ನಡೆಯುತ್ತಿತ್ತು. ನಾನು ತಿನ್ನಿ ಅಂದು ಯಾರಿಗಾದರೂ ಭೇದಿ ಹತ್ತಿದರೆ ನನ್ನ ಕಥೆ ಮುಗಿಯಿತು. ಎಸೆಯಿರಿ ಅಂದರೆ ಶಾಪ. ಓದಿದ ಪುಸ್ತಕದಲ್ಲಿ "ನೋಡಿ, ಮುಟ್ಟಿ, ಮೂಸಿ ನಿರ್ಧರಿಸತಕ್ಕದ್ದು" ಎಂದಿತ್ತು. ಆದರೆ ನನ್ನ ಮೂಗಿಗೆ ಆಗ ತಾನೇ ಕೊಯ್ದ ಮಾಂಸವೂ ಒಂದೇ, ವಾರದ ಮಾಂಸವೂ ಒಂದೇ.

ಲಸಿಕೆಯ ನೆರೆಮನೆ

ಮೊದಲ ಪೋಸ್ಟಿಂಗು ಜಗಳೂರು. ಆಸ್ಪತ್ರೆಯಲ್ಲಿ ಲಸಿಕೆ ಇಡಲು ಒಂದು ಫ್ರಿಜ್ಜಿತ್ತು. ನಾನೊಮ್ಮೆ ಕ್ಯಾಂಪಿಗೆ ಹೋದಾಗ ಸೊಕ್ಕೆ ಕಡೆಯ ಗೌಡರೊಬ್ಬರು ನಮ್ಮ ಅಟೆಂಡರನ ಕೈಕಾಲು ಹಿಡಿದು, ಹಬ್ಬದಲ್ಲಿ ಉಳಿದ ಕುರಿಮಾಂಸವನ್ನು ಅದರೊಳಗೆ ಇಡಿಸಿಬಿಟ್ಟಿದ್ದರು. ನಾನು ವಾಪಸು ಬಂದು ನೋಡಿದರೆ ಊರಿನಲ್ಲಿ ಇಡೀ ದಿನ ಕರೆಂಟಿಲ್ಲ, ಫ್ರಿಜ್ಜಿನ ಬಾಗಿಲಿನಿಂದ ಕೆಂಪು ನೀರು ಇಳಿಯುತ್ತಿದೆ. ಸಂಜೆ ಕರೆಂಟು ಬಂತು, ಬೆಳಗಾಗುವಷ್ಟರಲ್ಲಿ ಮಾಂಸ ಮತ್ತೆ ಕಲ್ಲಾಯಿತು. ಜೊತೆಗೇ ಗೌಡರೂ ಬಂದರು.

"ಗೌಡ್ರೇ, ಇದು ಕರಗಿ ಬೆಚ್ಚಗಾಗಿ ಮತ್ತೆ ಗಟ್ಟಿಯಾಗಿದೆ. ತಿನ್ನಬೇಡಿ" ಅಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಕೆಡಾಕೆ ಹೆಂಗೆ ಸಾಧ್ಯ ಸಾರ್? ಒಂದು ಕಡೆ ಗಂಟಲುಬೇನೆ ಲಸಿಕೆ, ಇನ್ನೊಂದು ಕಡೆ ಚಪ್ಪೆರೋಗದ ಲಸಿಕೆ. ನಡುವೆ ಮಲಗಿರೋ ಮಾಂಸಕ್ಕೆ ಯಾವ ರೋಗ ಬರ್ತೈತೆ?"

ಲಸಿಕೆ ಕೆಲಸ ಮಾಡುವುದು ಜೀವ ಇರುವ ದನದಲ್ಲಿ, ಪಕ್ಕದಲ್ಲಿಟ್ಟರೆ ಏನೂ ಆಗುವುದಿಲ್ಲ, ಅದನ್ನು ದನದ ಮೈಗೆ ಚುಚ್ಚಬೇಕು ಎಂದು ನಾನು ಬಹಳ ಹೊತ್ತು ಬಿಡಿಸಿ ಹೇಳಿದೆ. ಗೌಡರು ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಅಂದರು, "ಹಂಗಾರೆ ಇದಕ್ಕೂ ಒಂದು ಚುಚ್ಚಿಬಿಡ್ರಿ, ಹೊತ್ತಾಯ್ತು, ಮನೇಲಿ ಮಸಾಲೆ ಅರೆದು ಕಾಯ್ತಾ ಅವ್ರೆ."

ಸೋಮವಾರದ ರಜ

ಹೊನ್ನಾಳಿಗೆ ಬಂದೆ. ಅಲ್ಲೊಂದು ಮಿಲ್ಟ್ರಿ ಹೋಟ್ಲು. ಅಲ್ಲಿ ಮಂಗಳವಾರ ಉಂಡವರೆಲ್ಲ ಬುಧವಾರ ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ, ಬೇರೆ ದಿನ ಉಂಡವರಿಗೆ ಏನೂ ಆಗುವುದಿಲ್ಲ ಎಂದು ದೂರು ಬಂತು. ಯಾಕೆ ಮಂಗಳವಾರವೇ ಎಂದು ನನಗೆ ತಲೆಬುಡ ತಿಳಿಯಲಿಲ್ಲ. ಮಂಗಳವಾರ ಬೆಳಿಗ್ಗೆಯೇ ಹೋಗಿ ನೋಡಿದೆ. ಮಾಲೀಕ ಬಹಳ ಮರ್ಯಾದಸ್ಥ. ಸೆಕೆಂಡ್ ಹ್ಯಾಂಡ್ ಫ್ರಿಜ್ಜಿಗೆ ಹೂ ಮುಡಿಸಿ, ಕುಂಕುಮ ಇಟ್ಟು, ಹೆತ್ತ ಮಗಳಂತೆ ನೋಡಿಕೊಂಡಿದ್ದ. ಒಳಗಿನ ಮಾಂಸ ಗಟ್ಟಿಯಾಗಿತ್ತು, ಆದರೆ ಕೆಳಗೆ ತಟ್ಟೆಯಲ್ಲಿ ನೀರು ನಿಂತು ಐಸಾಗಿತ್ತು. ಅಂದರೆ ಒಮ್ಮೆ ಪೂರ್ತಿ ಕರಗಿದೆ.

"ನಿನ್ನೆ ಕರೆಂಟು ಹೋಗಿತ್ತಾ?"

"ಇಲ್ಲ ಸಾರ್, ದಿನವೆಲ್ಲಾ ಇತ್ತು."

"ಮತ್ತೆ ಕರಗಿದ್ದು ಹೇಗೆ?"

"ನಾನೇ ಸ್ವಿಚ್ಚು ಆಫ್ ಮಾಡಿದ್ದೆ. ನಿನ್ನೆ ಸೋಮವಾರ ಅಲ್ವರಾ?"

ನನಗೆ ಅರ್ಥವಾಗಲಿಲ್ಲ. ಅವನೇ ವಿವರಿಸಿದ. ಅವನ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅವತ್ತು ಬಸವಣ್ಣನಿಗೆ ರಜ. ಹಗಲೂ ರಾತ್ರಿ ಗುರ್ರ್ ಅಂತ ದುಡಿಯುವ ಈ ಫ್ರಿಜ್ಜಿಗೂ ವಾರಕ್ಕೊಂದು ದಿನ ಬಿಡುವು ಬೇಡವೇ? ಸೋಮವಾರ ಹೋಟ್ಲೂ ಮುಚ್ಚಿರುತ್ತದೆ, ಫ್ರಿಜ್ಜೂ ಸಂಜೆಯವರೆಗೆ ಮಲಗುತ್ತದೆ. ಭಾನುವಾರ ಉಳಿದ ಮಾಂಸ ಮಾತ್ರ ಒಳಗೇ ಇರುತ್ತದೆ.

ಆ ಮಾಂಸವನ್ನೆಲ್ಲ ಗುಂಡಿಗೆ ಹಾಕಿಸಿದೆ. ಇನ್ನು ಮೇಲೆ ಸೋಮವಾರವೂ ಸ್ವಿಚ್ಚು ಹಾಕಿರಬೇಕು ಎಂದು ಗದರಿದೆ. ಅವನಿಗೆ ನಿಜವಾಗಿ ನೋವಾಯಿತು. ಸುತ್ತ ನಿಂತವರನ್ನೆಲ್ಲ ನೋಡಿ, "ಕೇಳಿದ್ರೇನ್ರಪ್ಪ? ಬೇರೆ ಯಾರಾರ ಹೇಳಿದ್ರೆ ಬಿಡು ಅನ್ಬಹುದಿತ್ತು. ಎತ್ತಿನ ಡಾಕ್ಟ್ರೇ ಸೋಮವಾರ ಹೂಡು ಅಂತಾರಲ್ಲ!" ಅಂದ.

ಬಾಗಿಲಿನಿಂದಲೇ ತೀರ್ಪು

ನ್ಯಾಮತಿಯಲ್ಲಿದ್ದಾಗ ಜನ ಆಸ್ಪತ್ರೆ ಬಿಟ್ಟು ಸೀದಾ ಮನೆಗೇ ಬರತೊಡಗಿದರು. ನಾನು ಮೂಸಿದಾಗಲೆಲ್ಲ ನನ್ನ ಹೆಂಡತಿ ಒಳಗೆ ಬಿಡದೆ ಹಿತ್ತಲಲ್ಲೇ ತಲೆಗೆ ನೀರು ಹುಯ್ಯುತ್ತಿದ್ದಳು. ಆ ಚಳಿಗಾಲದಲ್ಲಿ ನನಗೆ ನೆಗಡಿ ಬಿಡಲೇ ಇಲ್ಲ.

ಒಂದು ದಿನ ಸವಳಂಗದವನೊಬ್ಬ ಮೀನು ತಂದ. ಶಿವಮೊಗ್ಗದಿಂದ ಐಸಿನಲ್ಲಿ ತಂದದ್ದು ದಾರಿಯಲ್ಲಿ ಕರಗಿತ್ತಂತೆ, ಐಸ್ ಕ್ಯಾಂಡಿ ಮಾಡುವವನ ಹತ್ತಿರ ಇಟ್ಟು ಮತ್ತೆ ಗಟ್ಟಿ ಮಾಡಿಸಿದ್ದ. ನಾನು ಮೂಸಿದೆ, ಮೂಗು ಕಟ್ಟಿತ್ತು. ಒತ್ತಿ ನೋಡಿದೆ, ಕಣ್ಣು ನೋಡಿದೆ, ಕಿವಿರು ನೋಡಿದೆ. ಮಗುಚಿ ಹಾಕಿ ಮತ್ತೆ ಮೊದಲಿನಿಂದ ನೋಡತೊಡಗಿದೆ. ಅಷ್ಟರಲ್ಲಿ ಬಾಗಿಲಿನಿಂದ ಇವಳು ಸೆರಗು ಮೂಗಿಗೆ ಹಿಡಿದು, "ಕೆಟ್ಟೈತೆ, ತಗೊಂಡು ಹೋಗಪ್ಪ" ಅಂದಳು.

ಅವನು ಕೈಮುಗಿದು ಹೊರಟುಬಿಟ್ಟ. ಅಂದಿನಿಂದ ಜನ "ಡಾಕ್ಟ್ರು ಬ್ಯಾಡ, ಅಮ್ಮಾರು ದೂರದಿಂದಲೇ ಹೇಳ್ತಾರೆ" ಎಂದು ಅವಳನ್ನೇ ಕರೆಯತೊಡಗಿದರು. ಅವಳು ಒಂದು ಸಲವಾದರೂ ಒಳ್ಳೆಯದು ಅಂದದ್ದಿಲ್ಲ. ನಾನು ತಡೆಯಲಾರದೆ ಕೇಳಿದೆ, "ಕೆಟ್ಟದ್ದು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ನನಗೆಲ್ಲಿ ಗೊತ್ತಾಗುತ್ತೆ? ಬೇಗ ಹೋಗ್ಲಿ ಅಂತ ಹೇಳ್ತೀನಿ" ಅಂದಳು.

ಹೆಡ್ ಮೇಷ್ಟ್ರ ಬೀಗರು

ಚನ್ನಗಿರಿಯಲ್ಲಿ ನಮ್ಮ ಕ್ವಾರ್ಟರ್ಸಿನ ಪಕ್ಕದ ಮನೆ ಒಬ್ಬ ಹೆಡ್ ಮೇಷ್ಟ್ರದ್ದು. ಮಗಳನ್ನು ಆಗಷ್ಟೇ ದಾವಣಗೆರೆಗೆ ಕೊಟ್ಟಿದ್ದರು. ಮದುವೆಯಲ್ಲಿ ಪಾಯಸ ನೀರಾಗಿತ್ತು ಎಂದು ಬೀಗಿತ್ತಿ, ಅಂದರೆ ಹುಡುಗನ ತಾಯಿ, ಸೊಸೆಯನ್ನು ದಿನಾ ಚುಚ್ಚುತ್ತಿದ್ದರಂತೆ. ಈಗ ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಇದೊಂದು ಊಟ ಸರಿಯಾದರೆ ಮಗಳು ನೆಮ್ಮದಿಯಾಗಿರುತ್ತಾಳೆ, ಕೆಟ್ಟರೆ ಜನ್ಮವಿಡೀ ಕೇಳಬೇಕು. ಅವರು ಬರುತ್ತೇವೆಂದ ದಿನ ಗಾಂಧಿ ಜಯಂತಿ, ಮಾಂಸದ ಅಂಗಡಿ ಮುಚ್ಚಿರುತ್ತದೆ. ಊರಲ್ಲಿ ಕೋಳಿ ಸಿಗುತ್ತಿತ್ತು, ಆದರೆ ಮೊದಲ ಸಲ ಬರುವ ಬೀಗರಿಗೆ ಕುರಿಯೇ ಆಗಬೇಕು. ಹಿಂದಿನ ದಿನ ಬೆಳಿಗ್ಗೆಯೇ ಮಾಂಸ ತಂದು ಹೊಸ ಫ್ರಿಜ್ಜಿನಲ್ಲಿ ಇಟ್ಟರು.

ಮೇಷ್ಟ್ರು ವಿಜ್ಞಾನದವರು. ಒಂದು ಲೋಟದಲ್ಲಿ ನೀರು ಗಟ್ಟಿ ಮಾಡಿ, ಐಸಿನ ಮೇಲೆ ನಾಲ್ಕಾಣೆ ಇಟ್ಟಿದ್ದರು. ಕರೆಂಟು ಹೋಗಿ ಐಸು ಕರಗಿದರೆ ಕಾಸು ಮುಳುಗುತ್ತದೆ. ಆಮೇಲೆ ನೀರು ಮತ್ತೆ ಗಟ್ಟಿಯಾದರೂ ಕಾಸು ತಳದಲ್ಲೇ ಉಳಿಯುತ್ತದೆ. ಕಾಸು ಮೇಲಿದ್ದರೆ ಮಾಂಸ ಪಾಸು.

ಜಯಂತಿಯ ದಿನ ಶಾಲೆಯಲ್ಲಿ ಅಹಿಂಸೆಯ ಬಗ್ಗೆ ಭಾಷಣ ಮಾಡಿ ಮುಗಿಸಿ, ನನ್ನನ್ನು ಕೈಹಿಡಿದು ಎಳೆದುಕೊಂಡು ಹೋದರು. "ಡಾಕ್ಟ್ರೇ, ನೀವೇ ನೋಡ್ರಿ, ಕಾಸು ಮೇಲೈತೆ!"

ಮೇಲಿತ್ತು. ಆದರೆ ಕಾಸಿಗೆ ಅರಿಶಿನ ಕುಂಕುಮ ಹಚ್ಚಿತ್ತು.

"ಮೇಷ್ಟ್ರೇ, ಇದು ಯಾಕೆ?"

ಮೇಷ್ಟ್ರೂ ಕಕ್ಕಾಬಿಕ್ಕಿ. ಅಡುಗೆಮನೆಯಿಂದ ಅವರ ತಾಯಿ ಬಂದರು. "ಅಮ್ಮನಿಗೆ ಮುಡಿಪು ಕಟ್ಟಿದೀಯಲ್ಲೋ, ಬೀಗರ ಊಟ ಸುಸೂತ್ರ ಆಗ್ಲಿ ಅಂತ? ನಿನ್ನೆ ನೋಡಿದ್ರೆ ಕಾಸು ನೀರಾಗೆ ಮುಳುಗಿತ್ತು. ಮುಡಿಪು ಮುಳುಗಬಾರದು ಕಣಪ್ಪ. ತೆಗೆದು, ಅರಿಶಿನ ಕುಂಕುಮ ಇಟ್ಟು, ಬೆಳಿಗ್ಗೆ ಗಟ್ಟಿಯಾದ ಮ್ಯಾಲೆ ಮತ್ತೆ ಇಟ್ಟೆ."

"ಎಷ್ಟು ಹೊತ್ತು ಕರೆಂಟಿರಲಿಲ್ಲ ಅಜ್ಜಿ?" ಅಂದೆ.

"ನಾನೆಂಗೆ ಹೇಳ್ಲಿ? ಕರೆಂಟಿದ್ರೂ ನಾನು ಎಣ್ಣೆ ದೀಪಾನೇ ಹಚ್ಚೋದು."

ಮಾಂಸ ಕರಗಿದ್ದಂತೂ ಖಾತ್ರಿ. ಎಷ್ಟು ಹೊತ್ತು ಬೆಚ್ಚಗಿತ್ತು ಎಂಬುದು ದೇವರಿಗೇ ಗೊತ್ತು. ಐಸು ಮಾಂಸವನ್ನು ಗಟ್ಟಿ ಮಾಡುತ್ತದೆಯೇ ಹೊರತು ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ. "ಫೇಲು ಮೇಷ್ಟ್ರೇ" ಅಂದೆ. ಮೇಷ್ಟ್ರು ಗೋಡೆಗೊರಗಿ ಕೂತುಬಿಟ್ಟರು.

ಆಗಲೇ ಬೀಗರು ಮೇಷ್ಟ್ರ ಮಗಳನ್ನೂ ಕರೆದುಕೊಂಡು ಬಂದಿಳಿದರು. ಹುಡುಗನ ತಂದೆಯ ಕೈಯಲ್ಲಿ ನೀರು ಸೋರುವ ಒಂದು ಚೀಲ. "ಇವತ್ತು ನಿಮಗೆ ಮಾಂಸ ಸಿಗಲ್ಲ ಅಂತ ಗೊತ್ತಿತ್ತು ಬೀಗರೇ. ನಿನ್ನೆಯೇ ತಂದು ನಮ್ಮ ಫ್ರಿಜ್ಜಿನಾಗೆ ಇಟ್ಟಿದ್ವಿ. ಅಲ್ಲೂ ಕರೆಂಟು ಹೋಗಿ ಬಂದು ಮಾಡ್ತಿತ್ತು. ಡಾಕ್ಟ್ರು ಇಲ್ಲೇ ಅವ್ರಲ್ಲ, ನೋಡೇಬಿಡ್ಲಿ."

ಬೀಗರೇ ಮಾಂಸ ಹೊತ್ತು ತಂದು ಮೇಷ್ಟ್ರ ಮನೆಯಲ್ಲಿ ಉಂಡು ಹೋದರೆ ಪಾಯಸದ ಮಾತೇ ವಾಸಿ ಎನ್ನುವಂತಾಗುತ್ತದೆ. ಮೇಷ್ಟ್ರು ಹಿಂದಿನಿಂದ ನನ್ನ ಷರಟು ಜಗ್ಗಿ, "ಫೇಲ್ ಮಾಡ್ರಿ" ಎಂದು ಪಿಸುಗುಟ್ಟಿದರು. ಬೀಗಿತ್ತಿ ಮುಂದೆ ಬಂದು, "ಜಸ್ಟ್ ಪಾಸ್ ಆದ್ರೂ ಮಾಡ್ರಿ, ನಮ್ಮೋರ ಮರ್ಯಾದೆ" ಅಂದರು. ಮೂಸಿದೆ. ಎರಡೂ ಒಂದೇ ವಾಸನೆ. ಚೀಲದೊಳಗೆ ಕೈಯಿಟ್ಟೆ. ಬಸ್ಸಿನ ಬಿಸಿಲಿಗೆ ಮಾಂಸ ಬೆಚ್ಚಗಾಗಿ ಲೋಳೆ ಲೋಳೆಯಾಗಿತ್ತು. ಯಾರ ಮುಖವನ್ನೂ ನೋಡದೆ, "ಇದೂ ಫೇಲು" ಅಂದೆ.

ಮೇಷ್ಟ್ರ ಮಗಳು ಅಳುವುದೊಂದು ಬಾಕಿ. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ, "ಎಲ್ಲ ನಮ್ಮನೆಗೆ ಬರ್ರಿ, ರೊಟ್ಟಿ ಬಡೀತೀನಿ" ಎಂದು ಕೂಗಿದಳು.

ಎರಡೂ ಸಂಸಾರ ಬಂದು ನಮ್ಮ ಹಜಾರದಲ್ಲಿ ಸಾಲಾಗಿ ಕೂತವು. ಬಿಸಿ ಜೋಳದ ರೊಟ್ಟಿ, ಬದನೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೀಗಿತ್ತಿ ಮೂರನೇ ರೊಟ್ಟಿ ಮುರಿಯುತ್ತಾ, "ಮದುವೆ ಊಟಕ್ಕಿಂತ ಇದೇ ಚೆಂದ ಐತೆ ಬಿಡ್ರಿ. ಪಾಯಸದ ಸಿಟ್ಟು ಇವತ್ತಿಗೆ ಹೋಯ್ತು" ಅಂದರು. ಸೊಸೆ ತಲೆ ತಗ್ಗಿಸಿ ನಕ್ಕಳು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು, ನನಗೂ ನಿಜವಾಗಿ ಸಂತೋಷವಾಯಿತು.

ಅಜ್ಜಿ ಮಾತ್ರ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು. ಕೈ ತೊಳೆದು ಬಂದವರು ಹತ್ತಿರ ನಿಂತು ಅಂದರು:

"ಆ ಮನೆ ಮಾಂಸಾನೂ ಫೇಲ್ ಮಾಡಿದ್ರಿ, ಈ ಮನೆ ಮಾಂಸಾನೂ ಫೇಲ್ ಮಾಡಿದ್ರಿ. ಎಲ್ಲಾರನ್ನೂ ನಿಮ್ಮನೆಗೆ ಕರ್ಕೊಂಡು ಬಂದು ರೊಟ್ಟಿ ಉಣ್ಣಿಸಿದ್ರಿ. ಇನ್ನೇನು ಉಳೀತು ಡಾಕ್ಟ್ರೇ? ಒಂದೊಂದು ಲಿಂಗಾನೂ ಕಟ್ಟಿ ಕಳಿಸಿಬಿಡ್ರಿ!"